ಸೀಸೆಯ ಸಾಲ್ಸಾ ಮತ್ತು ಮನೆಯ ಕಾವಲಿ

ಮುಂಬಯಿ, ಪುಣೆಗಳ ನಮ್ಮವರ ಮನೆಗಳಲ್ಲಿ ಈಚೆಗೆ ಸಾಲ್ಸಾ ಎಂಬ ಹೆಸರು ಆಗಾಗ್ಗೆ ಕಿವಿಗೆ ಬೀಳುತ್ತಿದೆ. ಶಾಲೆಯಿಂದ ಮರಳಿದ ಮಕ್ಕಳು ಮೆಕ್ಕೆಜೋಳದ ಚಿಪ್ಸಿನ ಪೊಟ್ಟಣವನ್ನು ಬಿಚ್ಚಿ, ಕೆಂಪು ಸೀಸೆಯೊಂದರ ಮುಚ್ಚಳ ತೆಗೆದು, ಅದ್ದಿ ತಿನ್ನುವ ದೃಶ್ಯ ಅಪರೂಪವೇನೂ ಅಲ್ಲ. ಮಕ್ಕಳು ಪರದೇಶದ ರುಚಿಯನ್ನು ಮೆಚ್ಚಿದರೆಂದು ಗೊಣಗುವವರ ಗುಂಪಿಗೆ ನಾವು ಸೇರಿದವರಲ್ಲ. ನಮ್ಮ ಆಕ್ಷೇಪವಿರುವುದು ಸೀಸೆಯ ಮೇಲೆ. ಮೆಕ್ಸಿಕೋ ದೇಶದ ಗೃಹಿಣಿಯು ಕಾವಲಿಯ ಮುಂದೆ ನಿಂತು ಅರ್ಧ ಮುಕ್ಕಾಲು ಗಂಟೆಯಲ್ಲಿ ಸಿದ್ಧಪಡಿಸುವ ಪದಾರ್ಥವದು. ಕಾವಲಿ ನಮ್ಮ ಮನೆಯಲ್ಲಿದೆ, ಒಣಮೆಣಸಿನಕಾಯಿ ಇದೆ, ಟೊಮೆಟೊ ಬೆಳ್ಳುಳ್ಳಿಗಳಿವೆ. ಇಷ್ಟಿದ್ದೂ ಸಕ್ಕರೆ, ವಿನೆಗರ್ ಬೆರೆತ ಲೇಹವನ್ನು ಹಣ ತೆತ್ತು ತರುವುದು ಯಾವ ಜಾಣತನವೆಂದು ನಾವು ಕೇಳಬಯಸುತ್ತೇವೆ.

ಸಾಲ್ಸಾ ಎಂಬುದು ಸ್ಪಾನಿಷ್ ಮಾತು. ಉಪ್ಪು ಹಾಕಿದ್ದು ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಆದರೆ ಪದಾರ್ಥವು ಸ್ಪೇನಿನವರು ಅಲ್ಲಿ ಕಾಲಿಡುವುದಕ್ಕಿಂತ ಹಳೆಯದು. 16ನೆಯ ಶತಮಾನದಲ್ಲಿ ಬೆರ್ನಾರ್ದಿನೊ ದೆ ಸಹಗುನ್ ಎಂಬ ಪಾದ್ರಿಯು ಅಸ್ಟೆಕ್ ಜನರ ಬಾಳುವೆಯನ್ನು ಕುರಿತು ಸಂಗ್ರಹಿಸಿದ ಗ್ರಂಥದಲ್ಲಿ, ಸಂತೆಯಲ್ಲಿ ಮಾರುತ್ತಿದ್ದ ಬಗೆಬಗೆಯ ಮೆಣಸಿನಕಾಯಿಯ ವ್ಯಂಜನಗಳ ವರ್ಣನೆಯಿದೆ. ಜಗತ್ತು ಇಂದು ಬಳಸುವ 'ಚಿಲ್ಲಿ', 'ಟೊಮೆಟೊ' ಎಂಬ ಮಾತುಗಳೇ ಆ ಜನರ ನಾಹುವಾತ್ಲ್ ಭಾಷೆಯವು. ನಮ್ಮ ನುಡಿಯಲ್ಲಿ ಹೇಳುವುದಾದರೆ ಸಾಲ್ಸಾ ಎಂದರೆ ಚಟ್ನಿ. ಅದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಕಿಲ್ಲ.

ನಮ್ಮ ಚಟ್ನಿಗಳೇ ಮರೆತುಹೋಗುತ್ತಿರುವಾಗ ಪರದೇಶದ ಚಟ್ನಿಯ ಉಪಚಾರವೇಕೆ ಎಂದು ಕೆಲವು ಹಿರಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಮೆಣಸಿನಕಾಯಿಯ ತವರು ಅಮೆರಿಕ ಖಂಡವೆಂಬುದನ್ನೂ, ಪೋರ್ತುಗೀಜರ ಹಡಗುಗಳಲ್ಲಿ ಅದು ನಮ್ಮ ಕರಾವಳಿಗೆ ಬಂದಿತೆಂಬುದನ್ನೂ ಅವರು ನೆನೆಯಬೇಕು. ಅದಕ್ಕೆ ಮುಂಚೆ ನಮ್ಮ ಅಡುಗೆಯ ಖಾರ ಮಲೆನಾಡಿನ ಮೆಣಸಿನದು. ಹೊಸದಾಗಿ ಬಂದ ಕಾಯಿಗೆ ಹಳೆಯ ಖಾರದ ಹೆಸರನ್ನೇ ಕೊಟ್ಟು 'ಮೆಣಸಿನಕಾಯಿ' ಎಂದು ಕರೆದ ಜನ ನಾವು. ಇಂದು ಬ್ಯಾಡಗಿ ಮೆಣಸಿನಕಾಯಿಯಿಲ್ಲದ ಸಾರನ್ನು ಊಹಿಸಿಕೊಳ್ಳಲೂ ನಮ್ಮಿಂದ ಆಗದು. ತವರಿನವರು ಅದನ್ನು ಹೇಗೆ ನಡೆಸಿಕೊಳ್ಳುತ್ತಾರೆಂದು ತಿಳಿದುಕೊಂಡರೆ ನಮಗೇನೂ ಕುಂದಾಗದು.

ಅವರು ಅದನ್ನು ಬಹಳ ಗೌರವದಿಂದ ನಡೆಸಿಕೊಳ್ಳುತ್ತಾರೆ. ಹಸಿಯಿದ್ದಾಗ ಕಾಯಿಗೆ ಒಂದು ಹೆಸರು, ಒಣಗಿದ ಮೇಲೆ ಇನ್ನೊಂದು. ಪೊಬ್ಲಾನೊ ಒಣಗಿದರೆ ಆಂಚೊ. ಮಿರಾಸೋಲ್ ಒಣಗಿದರೆ ಗ್ವಾಹಿಯೊ. ಹಣ್ಣಾದ ಹಲಪೇನ್ಯೊವನ್ನು ಹೊಗೆಯಲ್ಲಿ ಒಣಗಿಸಿದರೆ ಚಿಪೋತ್ಲೆ. ಒಣಗುವುದೆಂದರೆ ನೀರು ಆರುವುದಷ್ಟೇ ಅಲ್ಲ, ರುಚಿಯೇ ಬೇರೆಯಾಗುವುದು ಎಂಬ ತಿಳಿವಳಿಕೆ ಆ ಹೆಸರುಗಳಲ್ಲಿದೆ. ಆಂಚೊದಲ್ಲಿ ಒಣದ್ರಾಕ್ಷಿಯ ಸಿಹಿ ಸುಳಿಯುತ್ತದೆ. ಗ್ವಾಹಿಯೊದ ಖಾರ ಮಂದ, ಬಣ್ಣ ಗಾಢ. ಆರ್ಬೊಲ್ ಎಂಬ ಸಣ್ಣ ಕಾಯಿಯದು ನೇರವಾದ ಉರಿ. ಇವು ನಮ್ಮ ಪೇಟೆಗಳಲ್ಲಿ ಸುಲಭವಾಗಿ ದೊರೆಯವು, ದೊರೆತರೂ ದುಬಾರಿ. ಗ್ವಾಹಿಯೊದ ಬದಲಿಗೆ ಬ್ಯಾಡಗಿಯನ್ನೂ, ಉರಿಗೆಂದು ಗುಂಟೂರಿನ ಎರಡು ಕಾಯಿಗಳನ್ನೂ ಬಳಸಿದರೆ ತಪ್ಪಿಲ್ಲ. ಬದಲಿಸಿದ್ದೇವೆಂದು ಊಟಕ್ಕೆ ಕುಳಿತವರಿಗೆ ಹೇಳಿಬಿಡುವುದು ಮಾತ್ರ ಸಭ್ಯತೆ.

ಇನ್ನು ವಿಧಾನ. ಆರೇಳು ಬ್ಯಾಡಗಿ ಕಾಯಿಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ತೊಟ್ಟು ಮುರಿದು, ಉದ್ದಕ್ಕೆ ಸೀಳಿ ಬೀಜ ಉದುರಿಸಬೇಕು. ಕಾವಲಿ ಹದವಾಗಿ ಕಾದಿರಲಿ, ಎಣ್ಣೆ ಬೇಡ. ನಾಲ್ಕು ಟೊಮೆಟೊ, ದಪ್ಪನಾಗಿ ಹೆಚ್ಚಿದ ಅರ್ಧ ಈರುಳ್ಳಿ, ಸಿಪ್ಪೆ ಸುಲಿಯದ ಮೂರು ಎಸಳು ಬೆಳ್ಳುಳ್ಳಿ ಇವನ್ನು ಮೊದಲು ಹಾಕಿ, ಅಲ್ಲಲ್ಲಿ ಕಪ್ಪು ಕಲೆ ಬೀಳುವವರೆಗೆ ತಿರುವುತ್ತ ಸುಡಬೇಕು. ಟೊಮೆಟೊ ಕಪ್ಪಾದರೆ ಗುಣ, ಮೆಣಸಿನಕಾಯಿ ಕಪ್ಪಾದರೆ ದೋಷ. ಇಡೀ ಕೆಲಸದ ಗುಟ್ಟು ಇಷ್ಟೆ. ಸೀಳಿದ ಕಾಯಿಯನ್ನು ಕಾವಲಿಯ ಮೇಲೆ ಹರಡಿ, ಸಟ್ಟುಗದಿಂದ ಒತ್ತಿ ಹಿಡಿದು, ಕೆಲವೇ ಸೆಕೆಂಡುಗಳಲ್ಲಿ ಮಗುಚಬೇಕು. ಬಣ್ಣ ತುಸು ತಿರುಗಿ ಪರಿಮಳ ಎದ್ದೊಡನೆ ತೆಗೆಯಬೇಕು. ಗಡಿಯಾರ ಇಲ್ಲಿ ಕೆಲಸಕ್ಕೆ ಬಾರದು, ಮೂಗೇ ಪ್ರಮಾಣ. ಒಂದು ಕ್ಷಣ ತಡವಾದರೆ ಕಹಿ, ಆ ಕಹಿಗೆ ಯಾವ ಪರಿಹಾರವೂ ಇಲ್ಲ.

ಇದನ್ನು ನಾವು ಅನುಭವದಿಂದಲೇ ಬರೆಯುತ್ತಿದ್ದೇವೆ. ಮೊದಲ ಸಲ ನಮ್ಮ ಕಾಯಿಗಳೆಲ್ಲ ಇದ್ದಿಲಾದವು. ಘಾಟು ಮೆಟ್ಟಿಲಿಳಿದು ಕೆಳಗಿನ ಮಹಡಿಯವರೆಗೂ ಹೋಯಿತು. ಎದುರು ಮನೆಯ ಮರಾಠಿ ಅಜ್ಜಿಯವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು, ಉರಿಯನ್ನು ತಾವೇ ತಗ್ಗಿಸಿ, ಕಿಟಕಿ ತೆರೆದು ಹೊರಟುಹೋದರು. ಒಂದು ಮಾತೂ ಆಡಲಿಲ್ಲ; ಆಡುವ ಅಗತ್ಯವೂ ಇರಲಿಲ್ಲ.

ಹುರಿದ ಕಾಯಿಗಳನ್ನು ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ನೀರನ್ನು ರುಚಿ ನೋಡದೆ ಬಳಸಬಾರದು, ಕಹಿಯಿದ್ದರೆ ಚೆಲ್ಲಿಬಿಡಬೇಕು. ಮೆಕ್ಸಿಕೋದವರು ಮೊಲ್ಕಹೇತೆ ಎಂಬ ಮೂರು ಕಾಲಿನ ಕರಿಕಲ್ಲಿನ ಒರಳಿನಲ್ಲಿ ಅರೆಯುತ್ತಾರೆ. ಕ್ರಮ ನಮ್ಮದೇ: ಮೊದಲು ಉಪ್ಪು ಮತ್ತು ಸುಲಿದ ಬೆಳ್ಳುಳ್ಳಿ, ಆಮೇಲೆ ಮೆಣಸಿನಕಾಯಿ, ಈರುಳ್ಳಿ, ಕೊನೆಗೆ ಟೊಮೆಟೊ. ಒರಳಿಲ್ಲದ ಫ್ಲ್ಯಾಟುಗಳಲ್ಲಿ ಮಿಕ್ಸಿ ಸಾಕು, ಆದರೆ ತರಿತರಿಯಾಗಿ ನಿಲ್ಲಿಸುವ ಸಂಯಮ ಬೇಕು.

ಮನೆಯ ಹುರಿತದ ಪರವಾಗಿ ರುಚಿಗಿಂತ ದೊಡ್ಡ ಕಾರಣವೊಂದಿದೆ. 2005ರಲ್ಲಿ ಬ್ರಿಟನ್ನಿನಲ್ಲಿ, ಸೂಡಾನ್ ಎಂಬ ಕೈಗಾರಿಕಾ ಕೆಂಪು ಬಣ್ಣ ಬೆರೆತ ಮೆಣಸಿನ ಪುಡಿಯ ದೆಸೆಯಿಂದ ನೂರಾರು ತಿನಿಸುಗಳನ್ನು ಅಂಗಡಿಗಳಿಂದ ಹಿಂದಕ್ಕೆ ತೆಗೆಯಬೇಕಾಯಿತು. ಪುಡಿಯಾದ ಮೇಲೆ ಕಾಯಿಯ ಕುಲಗೋತ್ರ ಯಾರಿಗೂ ತಿಳಿಯದು. ಇಡೀ ಕಾಯಿಯಲ್ಲಾದರೆ ಸುಕ್ಕು, ಬಣ್ಣ, ಬೂಷ್ಟು ಎಲ್ಲವನ್ನೂ ಕಣ್ಣಾರೆ ನೋಡಬಹುದು. ಹೀಗೆ ಕಾಯಿಯನ್ನು ನೋಡಿ, ಮೂಸಿ, ಮುರಿದು ಆರಿಸುವ ಬಲ್ಮೆ ನಮ್ಮ ತಾಯಂದಿರಿಗೆ ಇತ್ತು. ಊರಿನಿಂದ ವರ್ಷದ ಖಾರವನ್ನು ಚೀಲದಲ್ಲಿ ತರಿಸಿ, ಬಿಸಿಲಿಗೆ ಹಾಕಿ, ಹುರಿದು ಕುಟ್ಟಿಸುತ್ತಿದ್ದ ತಲೆಮಾರಿನೊಡನೆ ಅದೂ ಹೊರಟುಹೋಗುತ್ತಿದೆ. ಸಾರಿನ ಪುಡಿಯ ನೆಪದಲ್ಲಿ ಕಾವಲಿಯ ಬಳಿಗೆ ಬಾರದ ಮಕ್ಕಳು ಸಾಲ್ಸಾದ ನೆಪದಲ್ಲಿ ಬರುವುದಾದರೆ ಬರಲಿ; ಗಂಡುಮಕ್ಕಳೂ ಬರಲಿ. ಮೆಣಸಿನಕಾಯಿ ಹುರಿಯುವ ಹದವನ್ನು ಒಮ್ಮೆ ಮೂಗು ಕಲಿತರೆ ಸಾರಿನ ಪುಡಿಗೂ ಅದೇ ಹದ.

ಅರೆದ ಸಾಲ್ಸಾವನ್ನು ಅರ್ಧ ಗಂಟೆ ಹಾಗೆಯೇ ಬಿಟ್ಟು, ಉಪ್ಪು ನೋಡಿ, ಬಡಿಸುವುದು. ಚಿಪ್ಸಿಗೆ ಸರಿ, ದೋಸೆಗೆ ಇನ್ನೂ ಸರಿ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಬಿಸಿ ಜೋಳದ ರೊಟ್ಟಿಯೊಡನೆ ತಿನ್ನಬಹುದು. ನಮ್ಮ ಮನೆಯಲ್ಲಿ ಅದು ಮರುದಿನದವರೆಗೆ ಉಳಿದದ್ದು ಒಂದೇ ಸಲ.