ಹಗಲಿಗೆ ಐದು, ರಾತ್ರಿಗೆ ಹದಿನೈದು

2024ರ ಫೆಬ್ರವರಿಯಲ್ಲಿ ಪಾವಗಡದ ಸರ್ಕಾರಿ ತಾಯಿ-ಮಕ್ಕಳ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೂವರು ಹೆಂಗಸರು ತೀರಿಕೊಂಡರು. ವಿಚಾರಣೆಯಾಯಿತು, ಒಬ್ಬ ವೈದ್ಯೆ, ಒಬ್ಬ ದಾದಿ, ಒಬ್ಬ ತಂತ್ರಜ್ಞ ಕೆಲಸ ಕಳೆದುಕೊಂಡರು. ತಪ್ಪಿತಸ್ಥರನ್ನು ದಂಡಿಸಬಾರದೆಂದು ಆ ಮನೆಮಂದಿಯ ಮುಂದೆ ನಿಂತು ಹೇಳುವ ಎದೆ ನನಗಂತೂ ಇಲ್ಲ. ಆದರೆ ಇಂಥ ಸಂದರ್ಭಗಳಲ್ಲೆಲ್ಲ ‘ಅಂದು ಯಾರಿದ್ದರು?’ ಎಂದು ಕೇಳುವವರೇ ಹೆಚ್ಚು. ‘ಎಷ್ಟು ಮಂದಿ ಇರಬೇಕಿತ್ತು?’ ಎಂದು ಕೇಳುವವರು ಅಪರೂಪ.

ಲೆಕ್ಕವೇನೋ ಇದೆ. ಸಾಮಾನ್ಯ ಆಸ್ಪತ್ರೆಗೆ 5 ಹಾಸಿಗೆಗೊಬ್ಬ ದಾದಿ, ಬೋಧನಾ ಆಸ್ಪತ್ರೆಗೆ 3 ಹಾಸಿಗೆಗೊಬ್ಬಳು ಎಂದು ಭಾರತೀಯ ಶುಶ್ರೂಷಾ ಪರಿಷತ್ತು ಹೇಳಿದೆ. ಕೇಳಲು ಹಿತವಾಗಿದೆ. ಆದರೆ ಈ ಐದು ಎಂಬುದು ಹುದ್ದೆಗಳ ಲೆಕ್ಕ. 100 ಹಾಸಿಗೆಗೆ 20 ಜನ. ದಿನಕ್ಕೆ ಮೂರು ಪಾಳಿ. ಪಾಳಿಗೆ ಆರೋ ಏಳೋ ಜನ. ಅಲ್ಲಿಗೆ ತಲೆಗೆ 15 ಹಾಸಿಗೆ! ರಜೆಯವರ ಬದಲಿಗೆಂದು ನೂರಕ್ಕೆ 30ರಷ್ಟು ಹೆಚ್ಚು ಮಂದಿ ಬೇಕೆಂದೂ ಅದೇ ಪರಿಷತ್ತು ಹೇಳಿದೆ. ಆ ಮಾತು ಕಡತ ದಾಟಿ ಬಂದುದನ್ನು ನಾನು ಕಂಡಿಲ್ಲ. ಒಂದು ಹುದ್ದೆ ಖಾಲಿ ಬಿದ್ದರೆ, ಒಬ್ಬಳು ಹೆರಿಗೆ ರಜೆಗೆ ಹೋದರೆ, ಆ 15 ಎಲ್ಲಿಗೆ ಮುಟ್ಟುತ್ತದೆಂಬುದನ್ನು ಓದುಗರೇ ಕೂಡಿ ನೋಡಲಿ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಐದೇ. ಅಲ್ಲಿ 1999ರಲ್ಲಿ ಶಾಸನ ಮಾಡಿದರು. 2005ರಿಂದ ಸಾಮಾನ್ಯ ವಾರ್ಡಿನ ದಾದಿಗೆ ಐದಕ್ಕಿಂತ ಹೆಚ್ಚು ರೋಗಿಗಳನ್ನು ವಹಿಸುವಂತಿಲ್ಲ, ನಡುರಾತ್ರಿಯಲ್ಲೂ. ಅದೇ ದೇಶದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಪರಿಶೀಲಿಸಿ ಲಿಂಡಾ ಐಕನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ್ದು ಇದು: ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಂಭವ ನೂರಕ್ಕೆ 7ರಷ್ಟು, ದಾದಿ ಬಸವಳಿದು ಬತ್ತಿಹೋಗುವ ಸಂಭವ 23ರಷ್ಟು ಏರುತ್ತದೆ. ಒಬ್ಬ ರೋಗಿಗೇ ಇಷ್ಟು!

ನಮ್ಮಲ್ಲಿ ಮೇ 12ರಂದು ಹೂ ಕೊಟ್ಟು ‘ದೇವತೆ’ ಎನ್ನುತ್ತೇವೆ. ದೇವತೆಗೆ ನಿದ್ದೆಯಿಲ್ಲ, ಕಾಲುನೋವಿಲ್ಲ ಎಂಬ ಧೈರ್ಯವಿರಬೇಕು.

ನಮ್ಮ ಸೀಮೆಯದೇ ಒಂದು ಆಸ್ಪತ್ರೆಯಲ್ಲಿ ಚಿಕ್ಕಪ್ಪನವರ ಪಕ್ಕ ಒಂದು ರಾತ್ರಿ ಕೂತಿದ್ದೆ. ಡ್ರಿಪ್ ಮುಗಿದು ನಳಿಕೆಯಲ್ಲಿ ರಕ್ತ ಏರುತ್ತಿತ್ತು. ‘ಬಂದೆ ಅಣ್ಣಾ’ ಎಂದ ಹುಡುಗಿ ಬಂದದ್ದು ಮುಕ್ಕಾಲು ಗಂಟೆಯ ಮೇಲೆ. ಗದರಲು ಬಾಯಿ ತೆರೆದವನು ಅವಳ ಬಟ್ಟೆಯ ಮೇಲಿನ ಕಲೆ ನೋಡಿ ಸುಮ್ಮನಾದೆ. ‘ಹೆರಿಗೆ ಕೋಣೆಗೂ ನಾನೇ, ಇಲ್ಲಿಗೂ ನಾನೇ’ ಎಂದಳು.

ಪಾವಗಡದಲ್ಲಿ ಆಗದೆಂದು ತುಮಕೂರಿಗೆ ಬರೆದುಕೊಟ್ಟರೆ ಸುಮಾರು ನೂರು ಕಿಲೋಮೀಟರು; ಮಧುಗಿರಿ, ಕೊರಟಗೆರೆ ಎರಡನ್ನೂ ದಾಟಿ ಹೋಗಬೇಕು. ಶಿರಾ ಹೆದ್ದಾರಿಯ ಮೇಲಿರುವ ಊರು, ಅಪಘಾತಗಳು ಹೊತ್ತು ನೋಡಿ ಬರುವುದಿಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲಿ ಹೊಸ ಕಟ್ಟಡದ ಕಲ್ಲಿನ ಮೇಲೆ ಹಾಸಿಗೆಗಳ ಸಂಖ್ಯೆ ಕೆತ್ತಿಸುವವರು, ಅದರ ಪಕ್ಕದಲ್ಲೇ ಒಂದು ಕರಿಹಲಗೆಯನ್ನೂ ತೂಗುಹಾಕಲಿ: ಮಂಜೂರಾದ ದಾದಿಯರೆಷ್ಟು, ಈ ರಾತ್ರಿ ಇರುವವರೆಷ್ಟು. ಸೀಮೆಸುಣ್ಣದ ಖರ್ಚನ್ನು ಬೇಕಾದರೆ ನಾವೇ ಕೊಡುತ್ತೇವೆ.