ಬೆಳಕಿಗೆ ಬೆಳಕೇ ಕಡಿವಾಣ

ಬಜಪೆಯ ಗುಡ್ಡದ ಮೇಲೆ ನಿಂತವನಿಗೆ ಪಶ್ಚಿಮದ ಸುರತ್ಕಲ್ಲೂ ದಕ್ಷಿಣದ ಕೊಣಾಜೆಯೂ ದೂರವಲ್ಲ. ಮೊದಲನೆಯದರಲ್ಲಿ 1960ರಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜು ಇಂದು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಗಿದೆ. ಎರಡನೆಯದರಲ್ಲಿ 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ತೀವ್ರವಾದ ಬೆಳಕು ಬಿದ್ದೊಡನೆ ಗುಣವನ್ನು ಬದಲಿಸುವ ಹರಳುಗಳನ್ನೂ ಪಾಲಿಮರುಗಳನ್ನೂ ತಯಾರಿಸಿ, ಲೇಸರ್ ಕಿರಣದಿಂದ ಪರೀಕ್ಷಿಸುವ ಕಾರ್ಯವು ಈ ಎರಡು ವಿದ್ಯಾಪೀಠಗಳಲ್ಲಿಯೂ ಬಹುವರ್ಷಗಳಿಂದ ನಡೆದು ಬಂದಿರುವುದು. ಜಿಲ್ಲೆಯ ಜನರಲ್ಲಿ ಎಷ್ಟು ಮಂದಿಗೆ ಇದರ ಅರಿವುಂಟು?

ಇದರ ಪ್ರಯೋಜನವೇನೆಂದು ವಾಚಕರು ಕೇಳಬಹುದು. ನಾವು ಕಳುಹಿಸುವ ಸಂದೇಶಗಳು ಇಂದು ಗಾಜಿನ ಎಳೆಗಳಲ್ಲಿ ಬೆಳಕಾಗಿಯೇ ಓಡುತ್ತವೆ. ಆದರೆ ದಾರಿ ಕವಲೊಡೆದಲ್ಲಿ ಸಾಮಾನ್ಯವಾಗಿ ಆ ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸಿ, ಸಂದೇಶದ ವಿಳಾಸವನ್ನು ಓದಿ, ಮರಳಿ ಬೆಳಕಾಗಿಸಿ ಮುಂದಕ್ಕೆ ಸಾಗಿಸಬೇಕಾಗಿದೆ. ಸೇತುವೆಗಳಿಲ್ಲದ ಕಾಲದಲ್ಲಿ ಮಂಗಳೂರಿನಿಂದ ಉಡುಪಿಗೆ ಹೊರಟವನು ಹೊಳೆ ಬಂದಲ್ಲೆಲ್ಲ ಬಸ್ಸಿನಿಂದಿಳಿದು ದೋಣಿ ಹತ್ತಿ, ಆಚೆಯ ದಡದಲ್ಲಿ ಮತ್ತೊಂದು ಬಸ್ಸನ್ನು ಹಿಡಿಯುತ್ತಿದ್ದನಷ್ಟೆ, ಇದೂ ಹಾಗೆಯೇ. ಕಾಲವೂ ವ್ಯಯ, ವಿದ್ಯುತ್ತೂ ವ್ಯಯ. ಬೆಳಕನ್ನು ಬೆಳಕೇ ತಿರುಗಿಸುವಂತಾದರೆ ಈ ಇಳಿದು ಹತ್ತುವ ಕಷ್ಟವು ತಪ್ಪುವುದು.

ಎರಡು ದೀಪಗಳ ಕಿರಣಗಳು ಅಡ್ಡ ಹಾಯ್ದರೆ ಒಂದನ್ನೊಂದು ಲೆಕ್ಕಿಸದೆ ಸಾಗಿಹೋಗುತ್ತವೆ. ನಡುವೆ ತಕ್ಕ ಪದಾರ್ಥವೊಂದಿದ್ದರೆ ಸಂಗತಿಯೇ ಬೇರೆ. ಪ್ರಬಲವಾದ ಕಿರಣವು ಆ ಪದಾರ್ಥದ ವಕ್ರೀಭವನಾಂಕವನ್ನು ಬದಲಿಸುವುದು. ಅದರೊಳಗೆ ಹಾಯುವ ಎರಡನೆಯ ಕಿರಣದ ನಡೆಯೂ ಬದಲಾಗುವುದು. ವಿದ್ಯುತ್ತಿನ ಬಲದಿಂದ ಇಂತಹ ಪರಿಣಾಮವುಂಟಾಗುವುದನ್ನು ಸ್ಕಾಟ್ಲೆಂಡಿನ ಜಾನ್ ಕೆರ್ 1875ರಲ್ಲಿಯೇ ಕಂಡಿದ್ದನು. 1960ರಲ್ಲಿ ಲೇಸರ್ ಬಂದ ಮೇಲೆ ಬೆಳಕಿನಿಂದಲೇ ಅದು ಸಾಧ್ಯವಾಯಿತು. ಅದರ ವೇಗವನ್ನು ಫೆಮ್ಟೊಸೆಕೆಂಡುಗಳಲ್ಲಿ ಅಳೆಯುವರು. ಸೆಕೆಂಡನ್ನು ಕೋಟಿ ಪಾಲು ಮಾಡಿ, ಅದರಲ್ಲೊಂದು ಪಾಲನ್ನು ಮತ್ತೆ ಹತ್ತು ಕೋಟಿ ಪಾಲು ಮಾಡಿದರೆ ದೊರೆಯುವುದೇ ಒಂದು ಫೆಮ್ಟೊಸೆಕೆಂಡು. ಸೆಕೆಂಡಿಗೆ ಭೂಮಿಯನ್ನು ಏಳೂವರೆ ಸಲ ಸುತ್ತಬಲ್ಲ ಬೆಳಕು ಆ ಅವಧಿಯಲ್ಲಿ 0.0003 ಮಿಲಿಮೀಟರು ಮಾತ್ರ ಚಲಿಸುವುದು.

ತೊಡಕುಗಳಿಲ್ಲವೆಂದಲ್ಲ. ಶೀಘ್ರವಾಗಿ ಬದಲಾಗುವ ಪದಾರ್ಥಗಳಲ್ಲಿ ಬದಲಾವಣೆಯು ಅತ್ಯಲ್ಪ. ಹೆಚ್ಚಾಗಿ ಬದಲಾಗುವವುಗಳು ಬಹುಮಟ್ಟಿಗೆ ನಿಧಾನ, ಅಥವಾ ಬೆಳಕನ್ನೇ ನುಂಗಿ ಕಾಯುವಂಥವು. ಆದುದರಿಂದ ತಕ್ಕ ಪದಾರ್ಥವನ್ನು ಹುಡುಕುವುದೇ ಈ ಉದ್ಯಮದ ತಿರುಳು. ಕೊಣಾಜೆ ಸುರತ್ಕಲ್ಲುಗಳ ಶ್ರಮಕ್ಕೆ ಬೆಲೆ ಬರುವುದು ಇಲ್ಲಿಯೇ.

ಈ ವಿದ್ಯೆಯು ನಮಗೆ ಪರಕೀಯವೂ ಅಲ್ಲ. ಪದಾರ್ಥವನ್ನು ಹೊಕ್ಕು ಚದರಿದ ಬೆಳಕಿನ ಒಂದಂಶವು ಬಣ್ಣ ಬದಲಿಸುವುದೆಂದು 1928ರಲ್ಲಿ ಲೋಕಕ್ಕೆ ತೋರಿಸಿದವರು ಸರ್ ಸಿ. ವಿ. ರಾಮನ್. ಅವರು 1933ರಲ್ಲಿ ಬೆಂಗಳೂರಿಗೆ ಬಂದು, 1935ರಲ್ಲಿ ನಾಗೇಂದ್ರನಾಥರೊಡನೆ, ಶಬ್ದದ ಅಲೆಗಳು ಬೆಳಕನ್ನು ಹೇಗೆ ಕವಲೊಡೆಸುವುವೆಂಬ ಸಿದ್ಧಾಂತವನ್ನು ಪ್ರಕಟಿಸಿದರು. ಶಬ್ದದಿಂದ ಬೆಳಕನ್ನು ಆಳುವ ಉಪಕರಣಗಳು ಇಂದು ಲೋಕದ ಲೇಸರ್ ಶಾಲೆಗಳಲ್ಲೆಲ್ಲ ಇವೆ. ಸಿದ್ಧಾಂತವು ಬೆಂಗಳೂರಿನದು, ಉಪಕರಣವನ್ನು ಮಾತ್ರ ನಾವು ಬಹುಪಾಲು ಹೊರದೇಶಗಳಿಂದ ಕ್ರಯಕ್ಕೆ ತರುವೆವು. ಫೆಮ್ಟೊಸೆಕೆಂಡ್ ಲೇಸರುಗಳ ಗತಿಯೂ ಇದೇ. ಬೀಜ ನಮ್ಮದು, ಫಸಲು ಪರರದು!

ಕೇಂದ್ರ ಸರಕಾರವು 2021ರಲ್ಲಿ ಅರೆವಾಹಕ ಉದ್ಯಮಕ್ಕೆ 76,000 ಕೋಟಿ ರೂಪಾಯಿಗಳ ಯೋಜನೆಯನ್ನೂ, 2023ರಲ್ಲಿ ಕ್ವಾಂಟಮ್ ವಿದ್ಯೆಗೆ ಸುಮಾರು 6,000 ಕೋಟಿಯ ಯೋಜನೆಯನ್ನೂ ಮಂಜೂರು ಮಾಡಿದೆ. ಮದರಾಸಿನ ಐ.ಐ.ಟಿ.ಯಲ್ಲಿ ಬೆಳಕಿನ ಚಿಪ್ಪುಗಳ ಕೇಂದ್ರವೂ ಇರುವುದು. ಇವೆಲ್ಲ ಸ್ವಾಗತಾರ್ಹವೇ. ಆದರೆ ಜಿಲ್ಲೆಯ ಪ್ರಯೋಗಶಾಲೆಯಲ್ಲಿ ಹುಟ್ಟಿದ ಹರಳು ಪ್ರಬಂಧದ ಪುಟದಲ್ಲಿಯೇ ನಿಂತುಹೋಗದೆ ಉಪಕರಣವಾಗುವ ತನಕ ಅದರ ಕೈಹಿಡಿದು ನಡೆಸುವ ಏರ್ಪಾಡು ಬೇಕು. ಉತ್ತಮವೆಂದು ಕಂಡುಬಂದ ಪದಾರ್ಥಗಳನ್ನು ಅಂತಹ ಕೇಂದ್ರಗಳಲ್ಲಿ ಚಿಪ್ಪಿಗೆ ಅಳವಡಿಸಿ ಪರೀಕ್ಷಿಸಲು ಪ್ರತ್ಯೇಕ ಧನಸಹಾಯವಿರಬೇಕು; ವಿಶ್ವವಿದ್ಯಾನಿಲಯದ ಬೊಕ್ಕಸವನ್ನು ಬರಿದಾಗಗೊಡದಿರುವುದು ರಾಜ್ಯ ಸರಕಾರದ ಹೊಣೆ.

1951ರಲ್ಲಿ ಬಜಪೆಯಲ್ಲಿ ವಿಮಾನ ನಿಲ್ದಾಣವಾದಂದಿನಿಂದ ನಮ್ಮ ತರುಣರು ಅಲ್ಲಿಂದ ಹಾರಿಹೋಗುತ್ತಲೇ ಇದ್ದಾರೆ. ಹೋಗುವವರನ್ನು ನಾವು ದೂರಲಾರೆವು; ಇಲ್ಲಿ ಕಲಿತ ವಿದ್ಯೆಗೆ ಇಲ್ಲಿಯೇ ಕೆಲಸವಿಲ್ಲದಿದ್ದರೆ ಅವರೇನು ಮಾಡಿಯಾರು? ರಾಜಕೀಯ ಸ್ವಾತಂತ್ರ್ಯವು ಬಂದು ಮುಕ್ಕಾಲು ಶತಮಾನ ಕಳೆಯಿತು. ಅನ್ಯರು ಮಾಡಿದ ಉಪಕರಣದಿಂದಲೇ ನಮ್ಮ ಬೆಳಕನ್ನು ಆಳಬೇಕಾದ ಸ್ಥಿತಿಯು ತೊಲಗದೆ ಆ ಸ್ವಾತಂತ್ರ್ಯವು ಪೂರ್ಣವಾಗದು.