ಬಿಸಿ ನೀರು ಹೊಳೆ ಸೇರಿದರೆ



ನೀರು ಕೆಟ್ಟಿದೆ ಎಂದು ನೀವು ಹೇಗೆ ತಿಳಿಯುತ್ತೀರಿ? ಬಣ್ಣ ನೋಡುತ್ತೀರಿ, ವಾಸನೆ ನೋಡುತ್ತೀರಿ, ಸಂಶಯ ಬಂದರೆ ನಾಲಿಗೆಗೆ ಹಚ್ಚಿ ರುಚಿ ನೋಡುತ್ತೀರಿ. ಈ ಮೂರು ಪರೀಕ್ಷೆಗಳಿಗೂ ಸಿಗದ ಮಾಲಿನ್ಯವೊಂದಿದೆ. ಅದುವೇ ಬಿಸಿ. ಕಾರ್ಖಾನೆಯಿಂದ ಬರುವ ನೀರು ಕನ್ನಡಿಯಂತೆ ತಿಳಿಯಾಗಿದ್ದರೂ, ಬಿಸಿಬಿಸಿಯಾಗಿಯೇ ಹೊಳೆಗೆ ಸೇರಿದರೆ ಅದು ಮಾಲಿನ್ಯವೇ. 1974ರ ಜಲ ಮಾಲಿನ್ಯ ತಡೆ ಕಾಯ್ದೆಯು ನೀರಿನ ಭೌತಿಕ ಗುಣದಲ್ಲಾಗುವ ಹಾನಿಕರ ಬದಲಾವಣೆಯನ್ನೂ ಮಾಲಿನ್ಯವೆಂದೇ ಪರಿಗಣಿಸುತ್ತದೆ.

ಮೀನಿಗೆ ಉಸಿರುಗಟ್ಟುವುದೇಕೆ?

ಫ್ರಿಜ್ಜಿನಿಂದ ತೆಗೆದ ಸೋಡಾದಲ್ಲಿ ಗುಳ್ಳೆಗಳು ಬಹಳ ಹೊತ್ತು ಇರುತ್ತವೆ. ಬಿಸಿಲಿಗಿಟ್ಟರೆ ಬೇಗನೇ ಸಪ್ಪೆಯಾಗುತ್ತದೆ. ನದಿಯಲ್ಲಿಯೂ ಹಾಗೆಯೇ. ಬಿಸಿಯಾದ ನೀರು ಗಾಳಿಯನ್ನು ಹಿಡಿದಿಡಲಾರದು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಸಿಹಿನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 35 ಡಿಗ್ರಿಯಲ್ಲಿ ಅದು ಸುಮಾರು 7 ಮಿಲಿಗ್ರಾಂಗೆ ಇಳಿಯುತ್ತದೆ.

ಮೀನಿನ ಮೈ ನಮ್ಮ ಮೈಯಂತಲ್ಲ. ನೀರು ಬಿಸಿಯಾದರೆ ಅದರ ಮೈಯೂ ಬಿಸಿಯಾಗುತ್ತದೆ, ಅದಕ್ಕೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಹೆಚ್ಚು ಬೇಕಾದ ಹೊತ್ತಿಗೇ ಕಡಿಮೆ ಸಿಗುತ್ತದೆ. ದೊಡ್ಡ ಮೀನು ಈಜಿಕೊಂಡು ತಂಪಿನ ಕಡೆಗೆ ಹೋದೀತು. ಮೊಟ್ಟೆ ಎಲ್ಲಿಗೆ ಹೋಗಬೇಕು? ಕಾವೇರಿಯ ಮಹಶೀರ್ ಮೀನು ತಂಪಾಗಿ ಹರಿಯುವ ನೀರನ್ನೇ ಬಯಸುವ ಜೀವಿ. ಅದು ಈಗ ಅಳಿವಿನ ಅಂಚಿನಲ್ಲಿದೆ. ಅದಕ್ಕೆ ಕಾರಣಗಳು ಹಲವಿರಬಹುದು, ಆದರೆ ಉಳಿದಿರುವ ತಂಪಾದ ಮಡುಗಳನ್ನೂ ಕಳೆದುಕೊಂಡರೆ ಅದಕ್ಕೆ ಬೇರೆ ನೆಲೆಯಿಲ್ಲ.

ಬಿಸಿ ಎಲ್ಲಿಂದ ಬರುತ್ತದೆ?

ಹೆಚ್ಚಿನ ಬಿಸಿ ಬರುವುದು ಹಬೆಯಿಂದ ನಡೆಯುವ ಯಂತ್ರಗಳಿಂದ. ಕಲ್ಲಿದ್ದಲು ಅಥವಾ ಅಣುಶಕ್ತಿಯಿಂದ ವಿದ್ಯುತ್ ತಯಾರಿಸುವಾಗ ಹುಟ್ಟುವ ಶಾಖದಲ್ಲಿ ಮೂರನೇ ಒಂದು ಭಾಗದಷ್ಟು ಮಾತ್ರ ವಿದ್ಯುತ್ ಆಗುತ್ತದೆ. ಉಳಿದುದನ್ನು ಹೊರಹಾಕಲೇಬೇಕು. ನಮ್ಮ ರಾಜ್ಯದ ದೊಡ್ಡ ಉದಾಹರಣೆ ಉತ್ತರ ಕನ್ನಡದ ಕೈಗಾ. 2000ದಿಂದ ವಿದ್ಯುತ್ ಉತ್ಪಾದಿಸುತ್ತಿರುವ ಈ ಅಣುಸ್ಥಾವರ ಕಾಳಿ ನದಿಯ ಕದ್ರಾ ಜಲಾಶಯದ ನೀರಿನಿಂದ ತನ್ನ ಹಬೆಯನ್ನು ತಣಿಸಿಕೊಂಡು, ಬೆಚ್ಚಗಾದ ನೀರನ್ನು ಅಲ್ಲಿಗೇ ಬಿಡುತ್ತದೆ. 1999ರ ಜೂನ್ ನಂತರ ಆರಂಭವಾದ ಕಲ್ಲಿದ್ದಲು ಸ್ಥಾವರಗಳು ನದಿ, ಕೆರೆ ಅಥವಾ ಜಲಾಶಯದ ನೀರು ಬಳಸುವುದಾದರೆ ತಣಿಸುವ ಗೋಪುರ ಕಟ್ಟಲೇಬೇಕೆಂಬ ನಿಯಮವಿದೆ.

ನಮ್ಮ ನಾಲ್ಕು ತಾಲೂಕುಗಳಲ್ಲಿ

ಮಂಡ್ಯದ ಕಡೆ ಅಂತಹ ಸ್ಥಾವರವಿಲ್ಲ, ನಮಗೇನು ಎನ್ನಬಹುದು. ಆದರೆ ಇದು ಕಬ್ಬಿನ ನಾಡು. ಪಾಂಡವಪುರದಲ್ಲಿ ಸಕ್ಕರೆ ಕಾರ್ಖಾನೆಯಿದೆ, ಕೆ.ಆರ್. ಪೇಟೆ ತಾಲೂಕಿನ ಮಾಕವಳ್ಳಿಯಲ್ಲಿಯೂ ಇದೆ. ಕಬ್ಬಿನಲ್ಲಿ ಸುಮಾರು 70 ಭಾಗ ನೀರೇ ಇರುತ್ತದೆ. ರಸವನ್ನು ಕುದಿಸಿದಾಗ ಅದು ಹಬೆಯಾಗಿ ಬರುತ್ತದೆ. ಆ ಹಬೆಯನ್ನು ತಣಿಸಲು ಇನ್ನಷ್ಟು ನೀರು ಬೇಕು. ಹೀಗೆ ಯಾವುದೇ ಸಕ್ಕರೆ ಕಾರ್ಖಾನೆಯಲ್ಲಿ ಬಿಸಿ ನೀರು ರಾಶಿಯಾಗಿ ಉಳಿಯುತ್ತದೆ. ಅದನ್ನು ಕಾರಂಜಿಯಂತೆ ಚಿಮ್ಮಿಸಿ ತಣಿಸುವ ಕೊಳಗಳಿರುತ್ತವೆ. ಅಂತಹ ಕೊಳದಿಂದ ಉಕ್ಕಿ ಹೊರಹೋಗುವ ನೀರು ಅರೆದ ಒಂದು ಟನ್ ಕಬ್ಬಿಗೆ 100 ಲೀಟರ್ ಮೀರಬಾರದೆಂದು 2016ರ ನಿಯಮ ಹೇಳುತ್ತದೆ. ತಣಿಯದೆ, ಸಕ್ಕರೆಯ ಅಂಶವನ್ನೂ ಹೊತ್ತು ನೀರು ಹೊರಬಿದ್ದರೆ ಹಾನಿ ಇಮ್ಮಡಿ. ಸಕ್ಕರೆ ತಿನ್ನುವ ಸೂಕ್ಷ್ಮಜೀವಿಗಳು ಬೆಚ್ಚಗಿನ ನೀರಿನಲ್ಲಿ ಬೇಗ ಬೆಳೆದು, ಉಳಿದ ಆಮ್ಲಜನಕವನ್ನೂ ಮುಗಿಸುತ್ತವೆ.

ನಾಗಮಂಗಲದ ಕೆರೆಗಳ ಕಥೆ ಬೇರೆ. ಹೂಳು ತುಂಬಿದ ಕೆರೆಯಲ್ಲಿ ಆಳವಿರುವುದಿಲ್ಲ. ತೆಳು ನೀರು ಬಿಸಿಲಿಗೆ ಬೇಗ ಕಾಯುತ್ತದೆ. ದಡದ ಹೊಂಗೆ, ನೇರಳೆ, ಮತ್ತಿ ಮರಗಳನ್ನು ಕಡಿದರೆ ನೆರಳೂ ಹೋಗುತ್ತದೆ. ಇಲ್ಲಿ ಕಾರ್ಖಾನೆಯಿಲ್ಲದೆಯೇ ನೀರು ಬಿಸಿಯಾಗುತ್ತದೆ.

ಈ ತಾಲೂಕುಗಳ ನೀರು ಬೇರೆ ಬೇರೆಯಲ್ಲ. ನಾಗಮಂಗಲದ ಕಡೆ ಹುಟ್ಟುವ ಲೋಕಪಾವನಿ ಪಾಂಡವಪುರ ದಾಟಿ ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಸೇರುತ್ತದೆ. ಕೆ.ಆರ್. ಪೇಟೆಯ ಹೇಮಾವತಿ ಕನ್ನಂಬಾಡಿ ಕಟ್ಟೆಗೆ ಬರುತ್ತದೆ. ಕಟ್ಟೆಯ ಕೆಳಗೆ, 2022ರಲ್ಲಿ ಅಂತಾರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿದ ರಂಗನತಿಟ್ಟು ಇದೆ. ಅಲ್ಲಿನ ಕೊಕ್ಕರೆಗಳಿಗೂ ನೀರುನಾಯಿಗಳಿಗೂ ಹೊಳೆಯ ಮೀನೇ ಆಹಾರ.

ನಾವು ಏನು ಮಾಡಬಹುದು?

ಬಿಸಿ ನೀರಿನ ದೊಡ್ಡ ತೊಡಕೆಂದರೆ ಅದು ಗುರುತು ಉಳಿಸುವುದಿಲ್ಲ. ಅಧಿಕಾರಿ ಮರುದಿನ ಬರುವಷ್ಟರಲ್ಲಿ ನೀರು ಆರಿರುತ್ತದೆ, ಸತ್ತ ಮೀನು ಮಾತ್ರ ತೇಲುತ್ತಿರುತ್ತದೆ. ಆದುದರಿಂದ ದಿನವೂ ಬಟ್ಟೆ ಒಗೆಯಲು, ದನಕ್ಕೆ ನೀರು ಕುಡಿಸಲು ಹೊಳೆಗೆ ಹೋಗುವ ಹೆಂಗಸರೇ ಇದಕ್ಕೆ ಸರಿಯಾದ ಸಾಕ್ಷಿಗಳು.

ಸಂಶಯ ಬಂದರೆ ಹೀಗೆ ಮಾಡಿ. ನೀರಿನ ಉಷ್ಣತೆ ಅಳೆಯುವ ಥರ್ಮಾಮೀಟರ್ ಒಂದನ್ನು ಶಾಲೆಯ ವಿಜ್ಞಾನ ಶಿಕ್ಷಕರಲ್ಲಿ ಕೇಳಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕಾಗದು. ಕಾಲುವೆ ಸೇರುವುದಕ್ಕಿಂತ ಮೇಲೊಮ್ಮೆ, ಸೇರಿದ ನಂತರ ಕೆಳಗೊಮ್ಮೆ ದಡದಿಂದಲೇ ಅಳೆಯಿರಿ. ಒಬ್ಬರೇ ಹೋಗಬೇಡಿ. ದಿನಾಂಕ, ಗಂಟೆ, ಎರಡೂ ಅಂಕಿಗಳನ್ನು ನೋಟ್ ಪುಸ್ತಕದಲ್ಲಿ ಬರೆದಿಡಿ, ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಹೊರಬಿಡುವ ನೀರು ಅದು ಸೇರುವ ನೀರಿಗಿಂತ 5 ಡಿಗ್ರಿಗೂ ಹೆಚ್ಚು ಬಿಸಿಯಿರಬಾರದು ಎಂಬುದು ದೇಶದ ಸಾಮಾನ್ಯ ಮಾನದಂಡ. ಹೊಳೆಯಲ್ಲೇ ಅಷ್ಟು ವ್ಯತ್ಯಾಸ ಕಂಡರೆ ಗ್ರಾಮ ಪಂಚಾಯತಿಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ.

ಗ್ರಾಮಸಭೆಗೆ ಹೋದಾಗ ಕೆರೆಯ ಹೂಳೆತ್ತುವ ಮಾತಿನ ಜೊತೆಗೆ ದಡದಲ್ಲಿ ಗಿಡ ನೆಡುವ ಮಾತನ್ನೂ ಎತ್ತಿ. ಮಳೆಗಾಲದ ಆರಂಭದಲ್ಲಿ ನೆಟ್ಟ ಹೊಂಗೆ ಸಸಿ ಕೆಲವೇ ವರ್ಷಗಳಲ್ಲಿ ನೀರಿಗೆ ನೆರಳಾಗುತ್ತದೆ. ಈ ಕೆಲಸಕ್ಕೆ ಯಾರ ಅಪ್ಪಣೆಗೂ ಕಾಯದೆ, ಪಂಚಾಯತಿಗೆ ಒಂದು ಮಾತು ತಿಳಿಸಿ ಈ ವರ್ಷವೇ ಕೈ ಹಾಕಬಹುದಲ್ಲವೇ?